ರೊಟ್ಟಿ ನಿಲ್ಲುವ ಜಾಗ

ಸಮೀಉಲ್ಲಾ ಮೂವತ್ತು ವರ್ಷಕ್ಕೂ ಮೇಲೆ ಸರಕಾರಿ ನೌಕರಿ ಮಾಡಿದವನು. ಅದರಲ್ಲಿ ಆರು ವರ್ಷ ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿಸುವುದೇ ಅವನ ಕೆಲಸವಾಗಿತ್ತು. ಉಳಿದ ವರ್ಷಗಳಲ್ಲಿ ಏನೇನು ಮಾಡಿದೆ ಎಂಬುದು ಅವನಿಗೇ ಸರಿಯಾಗಿ ನೆನಪಿರಲಿಲ್ಲ; ಕಡತ, ಸಭೆ, ವರ್ಗಾವಣೆ, ಅಷ್ಟೆ. ಒಲೆಯ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಮೋಟರ್ ಸೈಕಲ್ಲಿನ ಹಿಂದೆ ತಗಡಿನ ಅಚ್ಚು ಕಟ್ಟಿಕೊಂಡು ಊರೂರು ತಿರುಗಿದ್ದು, ಹೆಂಗಸರನ್ನು ಕೂಡಿಸಿ ನಕ್ಷೆ ತೋರಿಸಿದ್ದು, ನಾನೂರಕ್ಕೂ ಹೆಚ್ಚು ಮನೆಗಳಲ್ಲಿ ಹೊಗೆ ಕೊಳವೆ ಏರಿಸಿದ್ದು ಎಲ್ಲವನ್ನೂ ಹೇಳುತ್ತಿದ್ದ. ಹೇಳುವಾಗ ದನಿ ತಾನಾಗಿಯೇ ಚಿಕ್ಕ ವಯಸ್ಸಿನದಾಗುತ್ತಿತ್ತು.

ಅವನ ಸ್ವಂತ ಮನೆಯಲ್ಲಿ ಅಂಥ ಒಲೆ ಎಂದೂ ಇರಲಿಲ್ಲ. ಒಲೆಯ ನೌಕರಿಗೆ ಹೋಗುವ ಮೊದಲೇ ಅವನ ಮನೆಗೆ ಗ್ಯಾಸ್ ಬಂದಿತ್ತು.

ನಿವೃತ್ತಿಯಾದ ಮೇಲೆ ರಾಯಚೂರಿನಲ್ಲಿ, ಊರ ಹೊರಗಿನ ಒಂದು ಬಡಾವಣೆಯಲ್ಲಿ ಸಣ್ಣ ಮನೆ ಕಟ್ಟಿಸಿದ್ದ. ಮಗಳು ಮಿನಾಜ್ ಅದೇ ಊರಲ್ಲಿ ಗಂಡನ ಮನೆಯಲ್ಲಿದ್ದಳು. ಶುಕ್ರವಾರಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಬರುತ್ತಿದ್ದಳು. ಮನೆಯ ಹಿಂದೆ ತಗಡು ಹೊದಿಸಿದ ಒಂದು ಪಡಸಾಲೆಯಿತ್ತು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಹೆಂಡತಿ ಸರ್ವರಿ ಬೇಗಂ ಅಲ್ಲಿ ನಿಂತು, ಅದರ ಮೂಲೆಯನ್ನು ಒಂದಷ್ಟು ಹೊತ್ತು ನೋಡಿ, "ಮಿನಾಜ್ ಅಬ್ಬಾ, ಇಲ್ಲೊಂದು ಕಟಗಿ ಒಲಿ ಬೇಕು" ಎಂದಳು.

ಮನೆಯಲ್ಲಿ ನಡೆಯುತ್ತಿದ್ದುದು ದಖನಿ ಉರ್ದು ಮಾತು. ಆದರೆ ಸರ್ವರಿ ಹುಟ್ಟಿ ಬೆಳೆದದ್ದು ಜಾಲಹಳ್ಳಿಯಲ್ಲಿ; ಯಾವುದಾದರೂ ವಿಷಯಕ್ಕೆ ಗಟ್ಟಿಯಾಗಿ ನಿಂತಾಗ ಅವಳ ಮಾತು ಕನ್ನಡಕ್ಕೆ ತಿರುಗುತ್ತಿತ್ತು. ಸಮೀಉಲ್ಲಾನಿಗೆ ಆಗಲೇ ಗೊತ್ತಾಯಿತು, ಇದು ಸುಮ್ಮನೆ ಆಡಿದ ಮಾತಲ್ಲ ಎಂದು.

"ಗ್ಯಾಸ್ ಅದಲ್ಲ?"

"ಗ್ಯಾಸಿನ ಮ್ಯಾಲ ರೊಟ್ಟಿ ಸುಡತಾವ, ಬೇಯಂಗಿಲ್ಲ. ಹದಿನೈದು ಮಂದಿಗೆ ರೊಟ್ಟಿ ಮಾಡಿದ ದಿನ ನನ್ನ ಕೇಳ್ರಿ. ನಿಮ್ಮ ಮೊಣಕಾಲಿಗೆ ದಿನಾ ಬಿಸಿನೀರು ಬೇಕು. ಅತ್ತ ನಮ್ಮಣ್ಣ ಹೊಲದಾಗ ತೊಗರಿಕಟಗಿ ಗುಡ್ಡಿ ಹಾಕಿ ಬೆಂಕಿ ಹಚ್ಚಾಕತ್ಯಾನ, ಸುಮ್ನ."

ಅವಳ ಅಣ್ಣ ಕುತುಬುದ್ದೀನ್ ಜಾಲಹಳ್ಳಿಯಲ್ಲಿ ಕಮತ ಮಾಡಿಕೊಂಡಿದ್ದ. ತೊಗರಿ ಬಡಿದ ಮೇಲೆ ಉಳಿಯುವ ಕಡ್ಡಿಯನ್ನು ಯಾರೂ ಒಯ್ಯುತ್ತಿರಲಿಲ್ಲ ಎಂಬುದು ನಿಜವೇ.

"ಹೊಗಿ ಕುಡೀತಿಯೇನು ಈ ವಯಸ್ಸಿನ್ಯಾಗ?" ಎಂದ ಸಮೀಉಲ್ಲಾ.

"ಹೊಗಿ ಇಲ್ಲದಂಗ ಕಟ್ಟಸಾಕ ಮನ್ಯಾಗ ನೀವ ಇದ್ದೀರಲ್ಲ."

ಸಮೀಉಲ್ಲಾನಿಗೆ ಒಳಗೊಳಗೆ ಖುಷಿಯಾಯಿತು. ನಿವೃತ್ತಿಯಾದ ಎಂಟು ವರ್ಷಗಳಿಂದ ಯಾರೂ ಅವನಿಗೆ ಒಂದು ಕೆಲಸ ಹೇಳಿರಲಿಲ್ಲ.

ಮರುದಿನದಿಂದ ಬಜಾರು ಸುತ್ತಿದ. ಸುತ್ತಿ ಸುತ್ತಿ, ಕೆಳಗೆ ಸಣ್ಣ ಫ್ಯಾನ್ ಇರುವ ಒಂದು ಉಕ್ಕಿನ ಒಲೆಯನ್ನು ತಂದ. ಅಂಗಡಿಯವನು ಮೂರು ತುಂಡು ಕಟ್ಟಿಗೆಯಲ್ಲಿ ಒಂದು ಕೊಡ ನೀರು ಕಾಯಿಸಿ ತೋರಿಸಿದ್ದ. ಹೊಗೆ ನಿಜಕ್ಕೂ ಇರಲಿಲ್ಲ. ಸರ್ವರಿ ಅದರ ಮುಂದೆ ಕೂತು ನೋಡಿದಳು. ಅಣ್ಣನ ಹೊಲದಿಂದ ತರಿಸಿದ ತೊಗರಿಕಡ್ಡಿಯನ್ನು ಬೆರಳುದ್ದ ತುಂಡು ಮಾಡಿ ಮೇಲಿನಿಂದ ಹಾಕಬೇಕಿತ್ತು. ಕಡ್ಡಿ ಮುರಿಯುವುದರಲ್ಲೇ ಒಂದು ತಾಸು ಹೋಯಿತು. ಹಂಚು ಇಟ್ಟು ರೊಟ್ಟಿ ತಿರುವಿ ಹಾಕಿದರೆ ಇಡೀ ಒಲೆಯೇ ಅಲುಗಾಡುತ್ತಿತ್ತು. ನಾಲ್ಕನೆಯ ರೊಟ್ಟಿಗೆ ಅವಳು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, "ಇದು ಮಷೀನು. ನಾ ಕೇಳಿದ್ದು ಒಲಿ" ಎಂದಳು. ಸಮೀಉಲ್ಲಾ ಅದನ್ನು ಅಂಗಡಿಗೆ ತಿರುಗಿ ಕೊಟ್ಟು ಬಂದ.

ಇನ್ನು ಉಳಿದದ್ದು ಮಣ್ಣಿನ ಒಲೆ. ಟ್ರಂಕಿನ ತಳದಲ್ಲಿ ಹಳೆಯ ನಕ್ಷೆ ಸಿಕ್ಕಿತು. ಮಡಿಕೆಗಳಲ್ಲಿ ಹರಿದಿದ್ದರೂ ಅಳತೆಗಳು ಓದುವಂತಿದ್ದವು. ಎರಡು ಪಾತ್ರೆಯ ತೂತು, ಬಾಯಿ ಇಷ್ಟಗಲ, ಒಳಗಿನ ಕಿಂಡಿ ಇಷ್ಟೆತ್ತರ, ಕೊಳವೆ ಇಂತಿಷ್ಟು ದಪ್ಪ. ಆದರೆ ನಕ್ಷೆ ನೋಡಿ ಕಟ್ಟುವ ಕೈ ಅವನದಾಗಿರಲಿಲ್ಲ. ಅವನು ಅಳತೆ ಹಿಡಿದವನು ಮಾತ್ರ. ಕಟ್ಟಿದವರು ತರಬೇತಿ ಪಡೆದ ಹಳ್ಳಿಯ ಹೆಂಗಸರು. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಟ್ಟುತ್ತಿದ್ದವಳು ದೇವದುರ್ಗ ತಾಲೂಕಿನ ಗೂಗಲ್ ಊರಿನ ಹತ್ತಿರದ ಒಂದು ಹಳ್ಳಿಯ ಗೋಪಮ್ಮ. ಅವಳು ಮಣ್ಣು ಮೆತ್ತಿದರೆ ಬಿರುಕು ಬಿಡುತ್ತಿರಲಿಲ್ಲ. ಆ ಹೆಸರಿನ ಜೊತೆಗೆ ಇನ್ನೇನೋ ಒಂದು ನೆನಪು ಎದ್ದು ಬಂತು. ಸಮೀಉಲ್ಲಾ ಅದನ್ನು ಹಾಗೇ ಪಕ್ಕಕ್ಕೆ ಸರಿಸಿ ದೇವದುರ್ಗದ ಬಸ್ಸು ಹತ್ತಿದ.

*

ದೇವದುರ್ಗದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಇಳಿದಾಗ ಬಿಸಿಲೇರಿತ್ತು. ಗೋಪಮ್ಮನ ಮನೆಗೆ ಬೀಗ. ಎದುರು ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ ಮುದುಕ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಒಲಿ ಸಾಹೇಬ್ರಲ್ಲೇನ್ರಿ?" ಎಂದ. ಅವನು ಹುಲಗಪ್ಪ. ಆಗಿನ ಕಾಲಕ್ಕೆ ಊರಿನ ಒಲೆಗಳಿಗೆ ಬಂಡಿಯಲ್ಲಿ ಮಣ್ಣು ತಂದು ಹಾಕುತ್ತಿದ್ದವನು.

"ಗೋಪಮ್ಮ ಮಾನ್ವಿಗೆ ಹೋಗ್ಯಾಳ್ರಿ, ಮಗಳ ತಾವ. ಶಶಿಕಲಾ ಅಲ್ಲಿ ಹೈಸ್ಕೂಲಿನ್ಯಾಗ ಟೀಚರ್ ಅದಾಳ. ಕುಂದರ್ರಿ, ನೀರು ಕುಡೀರಿ."

ನೀರು ಕುಡಿದು ಸಮೀಉಲ್ಲಾ ಕೇಳಿದ: "ನಮ್ಮ ಒಲಿ ಹೆಂಗದಾವ?"

ಹುಲಗಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿದ. "ಅದಾವ್ರಿ" ಎಂದ. "ಬರ್ರಿ, ನೋಡೋಣು" ಎಂದು ಎದ್ದ.

ಒಂದು ಓಣಿ ಸುತ್ತಿದರು. ಒಂದು ಮನೆಯ ಹಿತ್ತಲಲ್ಲಿ ಒಲೆಯ ಬಾಯಿಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಇನ್ನೊಂದು ಮನೆಯಲ್ಲಿ ಒಲೆ ಒಡೆದ ಜಾಗದಲ್ಲಿ ನೀರಿನ ಕೊಡಗಳಿದ್ದವು. ಮತ್ತೊಂದು ಮನೆಯಲ್ಲಿ, ಸಮೀಉಲ್ಲಾ ತಾನೇ ಲಾರಿಯಿಂದ ಇಳಿಸಿ ಹಂಚಿದ್ದ ಸಿಮೆಂಟ್ ಕೊಳವೆ ಬಚ್ಚಲ ನೀರನ್ನು ಬೀದಿಗೆ ಹರಿಸುತ್ತಿತ್ತು. ಮನೆಯವರು ನಗುತ್ತ ಬರಮಾಡಿಕೊಂಡರು. ಯಾರೂ ದೂರಲಿಲ್ಲ. ಹೊಸದಾಗಿ ಯಾವುದಾದರೂ ಸ್ಕೀಮು ಬಂದಿದೆಯೇನೋ ಎಂದು ಒಂದಿಬ್ಬರು ಕೇಳಿದರು. ಗ್ಯಾಸ್ ಸಿಲಿಂಡರು ಎಲ್ಲರ ಮನೆಯಲ್ಲೂ ಇತ್ತು. ಅದರ ಪಕ್ಕದಲ್ಲೇ, ಮೂರು ಕಲ್ಲಿನ ಒಲೆಯೂ ಇತ್ತು, ಗೋಡೆಯ ತುಂಬ ಮಸಿ ಬಳಿದುಕೊಂಡು.

"ಎಷ್ಟು ವರ್ಷ ನಡದ್ವು?" ಎಂದು ಕೇಳಿದ.

"ವರ್ಷ ಎಲ್ಲೀವು ಬಿಡ್ರಿ" ಎಂದ ಹುಲಗಪ್ಪ. ನೋಯಿಸಬಾರದೆಂದು ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ.

ಕೊನೆಗೆ ತನ್ನ ಮನೆಗೇ ಕರೆತಂದ. ಒಳಗೆ ಅವನ ಹೆಂಡತಿ ರೊಟ್ಟಿ ಮಾಡುತ್ತಿದ್ದಳು. ಮೂಲೆಯಲ್ಲಿ ಕೊಳವೆ ಮಾಳಿಗೆ ತೂರಿ ಹೋಗಿತ್ತು. ಗೋಡೆ ಸುಣ್ಣದ ಬಿಳುಪಿನಲ್ಲೇ ಇತ್ತು. ಸಮೀಉಲ್ಲಾನ ಎದೆ ಹಗುರಾಯಿತು. ಹತ್ತಿರ ಹೋಗಿ ಬಗ್ಗಿ ನೋಡಿದ. ಒಲೆ ಅವನದೇ, ಆದರೆ ಅವನದಲ್ಲ. ಎರಡರ ಬದಲು ಒಂದೇ ತೂತು. ಬಾಯಿ ನಕ್ಷೆಯಲ್ಲಿದ್ದುದಕ್ಕಿಂತ ಎರಡು ಪಟ್ಟು ಅಗಲ. ತೊಗರಿಕಡ್ಡಿ ಮುರಿಯದೆ ಉದ್ದಕ್ಕೇ ಒಳಗೆ ಹೋಗಿತ್ತು. ಬಾಯಿಯ ಮುಂದೆ ಗೇಣಗಲದ ಒಂದು ಕಟ್ಟೆ, ಅದಕ್ಕೆ ಬೆರಳೆತ್ತರದ ಅಂಚು. ಅಲ್ಲಿಗೆ ಕೆಂಡ ಎಳೆದಿದ್ದರು. ಹಂಚಿನಿಂದ ಇಳಿದ ರೊಟ್ಟಿ ಆ ಅಂಚಿಗೆ ಆತುಕೊಂಡು, ಕೆಂಡಕ್ಕೆ ಮುಖ ಮಾಡಿ ನಿಂತಿತ್ತು. ನೋಡುನೋಡುತ್ತಿದ್ದಂತೆ ಅದು ಉಬ್ಬಿ ಗಟ್ಟಿಯಾಯಿತು. ಹುಲಗಪ್ಪನ ಹೆಂಡತಿ ಅದನ್ನು ತೆಗೆದು ಬುಟ್ಟಿಗೆ ಹಾಕಿ ಇನ್ನೊಂದನ್ನು ನಿಲ್ಲಿಸಿದಳು.

"ಇದನ್ನ ಯಾರು ಕಟ್ಟಿದ್ರು?"

"ನೀವ ಕಟ್ಟಿಸಿದ್ರಲ್ರಿ" ಎಂದಳು ಆಕೆ. "ನೀವು ಫೋಟೋ ಹೊಡಕೊಂಡು ಹೋದ ಮರುದಿನ ಗೋಪಮ್ಮ ಬಂದು ಮುಂದಿಂದು ಒಡದು ಮತ್ತ ಕಟ್ಟಿದ್ಲು."

"ಯಾಕ?"

ಈ ಪ್ರಶ್ನೆಗೆ ಆಕೆಗೇ ಆಶ್ಚರ್ಯವಾದಂತೆ ಕಂಡಿತು. "ಅದರಾಗ ರೊಟ್ಟಿ ನಿಲ್ಲಾಕ ಜಾಗನ ಇರಲಿಲ್ರೀ."

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಪಕ್ಕಕ್ಕೆ ಸರಿಸಿಟ್ಟಿದ್ದ ನೆನಪು ಪೂರ್ತಿಯಾಗಿ ಬಂತು. ಒಂದು ಸಲ ಹೇಳದೆ ಕೇಳದೆ ತಪಾಸಣೆಗೆ ಹೋಗಿದ್ದಾಗ, ಗೋಪಮ್ಮ ಕಟ್ಟಿದ ಒಂದು ಒಲೆಯ ಬಾಯಿ ನಕ್ಷೆಗಿಂತ ನಾಲ್ಕು ಬೆರಳು ಹೆಚ್ಚು ಅಗಲವಿದ್ದದ್ದು ಕಣ್ಣಿಗೆ ಬಿದ್ದಿತ್ತು. ಮರುವಾರದ ಸಭೆಯಲ್ಲಿ ಉಳಿದ ಹೆಂಗಸರ ಮುಂದೆ ಅವಳನ್ನು ನಿಲ್ಲಿಸಿದ್ದ. ಇಪ್ಪತ್ತೈದು ವರ್ಷದ ಹುಡುಗಿ, ಕೈಯಲ್ಲಿ ಸೆರಗು ಹಿಂಡುತ್ತ, "ಸಾಹೇಬ್ರ, ರೊಟ್ಟಿ" ಎಂದೇನೋ ಶುರು ಮಾಡಿದ್ದಳು. "ನಕ್ಷೆದಾಗ ರೊಟ್ಟಿ ಇಲ್ಲ" ಎಂದು ಅವನು ಅವಳ ಮಾತು ಕತ್ತರಿಸಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆಮೇಲೆ ಕಟ್ಟುವವರ ಪಟ್ಟಿಯಿಂದ ಅವಳ ಹೆಸರು ಹೊಡೆದು ಹಾಕಿದ್ದ.

*

ಎರಡು ದಿನ ಒಲೆಯ ಮಾತೆತ್ತಲಿಲ್ಲ. ಮೂರನೆಯ ದಿನ ಸರ್ವರಿ ಕೇಳಿದಳು. ಅವನು ನಡೆದದ್ದನ್ನೆಲ್ಲ ಹೇಳಿದ, ಸಭೆಯಲ್ಲಿ ನಕ್ಕಿದ್ದನ್ನೂ ಬಿಡದೆ.

ಅವಳು ಅಕ್ಕಿ ಆರಿಸುವುದನ್ನು ಬಿಡಲಿಲ್ಲ. "ಆಕಿನ್ನ ಕರಕೊಂಡು ಬರ್ರಿ" ಎಂದಳು.

"ಯಾವ ಮುಖ ತಗೊಂಡು ಹೋಗ್ಲಿ?"

"ಇರೋದು ಒಂದ ಮುಖ. ಅದನ್ನ ತಗೊಂಡು ಹೋಗ್ರಿ."

ಶನಿವಾರ ಮಾನ್ವಿಗೆ ಹೋದ. ಶಾಲೆ ಬಿಟ್ಟು ಬಂದಿದ್ದ ಶಶಿಕಲಾ ಬಾಗಿಲು ತೆರೆದಳು. ಮೂವತ್ತೇಳು ಮೂವತ್ತೆಂಟರ ಹೆಂಗಸು, ಭುಜದ ಮೇಲೆ ಇನ್ನೂ ಚೀಲವಿತ್ತು. ಒಳಗೆ ಗೋಡೆಯ ಗೂಡಿನಲ್ಲಿ ಒಂದು ಸಣ್ಣ ಬುದ್ಧನ ಮೂರ್ತಿ, ಅದರ ಕೆಳಗೆ ಸಾಲಾಗಿ ಜೋಡಿಸಿದ ಪುಸ್ತಕಗಳು. ಹೆಸರು ಹೇಳಿದಾಗ ಅವಳ ಮುಖ ಬಿಗಿಯಾಯಿತು. ಆದರೂ ಕುರ್ಚಿ ಹಾಕಿದಳು.

ಗೋಪಮ್ಮ ಒಳಗಿನಿಂದ ಬಂದಳು. ಕೂದಲು ಅರ್ಧ ನರೆತಿತ್ತು. ಕೈಗಳು ಮಾತ್ರ ಹಾಗೇ ಇದ್ದವು, ಅಗಲ ಅಂಗೈ, ಮೊಂಡ ಬೆರಳು. "ಸಾಹೇಬ್ರ, ಆರಾಮದೀರಾ?" ಎಂದಳು.

ಹಿಂದೆ ಅವಳನ್ನು ಅವನು ನೀನು ಎಂದೇ ಕರೆಯುತ್ತಿದ್ದ. ಈಗ ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ. "ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು. ನಮ್ಮನ್ಯಾಗ ಒಲಿ ಕಟ್ಟಬೇಕು" ಎಂದ.

ಶಶಿಕಲಾ ನಡುವೆ ಬಾಯಿ ಹಾಕಿದಳು. "ಅವ್ವ ಆ ಕೆಲಸ ಬಿಟ್ಟು ಬಾಳ ವರ್ಷ ಆತ್ರಿ. ಮಣ್ಣು ತುಳಿಯೋ ವಯಸ್ಸಲ್ಲ ಆಕಿಂದು."

ಗೋಪಮ್ಮ ಮಗಳ ಮಾತು ಕೇಳಿಸದವಳಂತೆ, "ರೊಟ್ಟಿ ಯಾರು ಮಾಡೋರು?" ಎಂದು ಕೇಳಿದಳು.

"ನನ್ನ ಹೆಂಡತಿ."

"ಕುಂತು ಮಾಡ್ತಾರೋ, ನಿಂತೋ?"

"ಕುಂತು."

"ತಿರುವಿ ಹಾಕೋದು ಯಾವ ಕೈಲೆ?"

ನಲವತ್ತು ವರ್ಷ ಹೆಂಡತಿಯ ಕೈಯ ರೊಟ್ಟಿ ತಿಂದಿದ್ದ ಸಮೀಉಲ್ಲಾನಿಗೆ ಅದು ಗೊತ್ತಿರಲಿಲ್ಲ. ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿ ಕೇಳಿದ. ಆ ಕಡೆಯಿಂದ ಸರ್ವರಿ, "ಎಡಗೈಲೆ. ಬಡಿಯೋದು ಬಲಗೈ, ತಿರುವೋದು ಎಡಗೈ. ಯಾಕ?" ಎಂದದ್ದು ಎಲ್ಲರಿಗೂ ಕೇಳಿಸಿತು. ಶಶಿಕಲಾ ನಗು ತಡೆಯಲು ಮುಖ ತಿರುಗಿಸಿದಳು.

ಫೋನು ಒಳಗಿಟ್ಟುಕೊಂಡು ಅವನು ಹೇಳಿದ: "ನಿಮ್ಮೂರಿಗೆ ಹೋಗಿದ್ದೆ. ಹುಲಗಪ್ಪನ ಮನಿ ಒಲಿ ನೋಡ್ದೆ. ಆವತ್ತು ನಿಮ್ಮ ಹೆಸರು ಹೊಡದು ಹಾಕಿದ್ದು ತಪ್ಪಾತು."

"ತಪ್ಪ" ಎಂದಳು ಗೋಪಮ್ಮ.

ಅವಳು ಸಿಟ್ಟಿನಿಂದ ಹೇಳಲಿಲ್ಲ. ಇರಲಿ ಬಿಡ್ರಿ ಎಂದೂ ಸೇರಿಸಲಿಲ್ಲ. ತನ್ನ ಅಂಗೈ ನೋಡಿಕೊಂಡು, "ಹನ್ನೊಂದು ಒಲಿ ನಾ ತಿದ್ದಿದ್ದೆ, ನಿಮಗ ಗೊತ್ತಾಗದಂಗ. ಒಂದು ಸಿಕ್ಕಿತು. ಆ ಸುಗ್ಗಿಗೆ ಹತ್ತಿ ಬಿಡಸಾಕ ಹೋದೆ. ಈಕಿ ಆಗ ಎರಡನೇ ಇಯತ್ತೆ. ಸಾಲಿ ಬಿಡಸ್ರಿ ಅಂದ್ರು ಮನ್ಯಾಗ. ನಾ ಬಿಡಸಲಿಲ್ಲ" ಎಂದಳು.

ಸಮೀಉಲ್ಲಾ ಸಮಾಧಾನದ ಮಾತು ಬರಬಹುದೆಂದು ಕಾದ, ಬರಲಿಲ್ಲ.

"ಹುತ್ತಿನ ಮಣ್ಣು ತರಸ್ರಿ" ಎಂದಳು ಗೋಪಮ್ಮ ಕೊನೆಗೆ. "ಎರಿಮಣ್ಣು ಬ್ಯಾಡ, ಸೀಳತದ. ಭತ್ತದ ಹೊಟ್ಟು, ಸಗಣಿ. ಮೂರು ದಿವಸ ನೆನಸಿಡ್ರಿ. ಮುಂದಿನ ಐತಾರ ಬರ್ತೀನಿ."

"ಅವ್ವಾ" ಎಂದಳು ಶಶಿಕಲಾ.

"ನೀನೂ ಬಾ. ಕುಂತು ನೋಡುವಂತಿ."

*

ಮಟಮಾರಿಯ ಕಡೆಯ ಪರಿಚಯದವರ ಹೊಲದ ಬದುವಿನಿಂದ ಹುತ್ತದ ಮಣ್ಣು ಬಂತು. ಅಕ್ಕಿ ಗಿರಣಿಯಿಂದ ಎರಡು ಚೀಲ ಹೊಟ್ಟು ಬಂತು. ಭಾನುವಾರ ತಾಯಿ ಮಗಳು ಬಂದಾಗ ಹಿತ್ತಲಲ್ಲಿ ಮಣ್ಣು ನೆನೆದು ಹುಳಿ ವಾಸನೆ ಬರುತ್ತಿತ್ತು. ಗೋಪಮ್ಮ ಸೀರೆ ಎತ್ತಿ ಕಟ್ಟಿ ಮಣ್ಣಿಗಿಳಿದಳು. ಸರ್ವರಿಯೂ ಚಪ್ಪಲಿ ಬಿಟ್ಟು ಇಳಿದಳು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ತುಳಿದರು. ಮೊಣಕಾಲ ನೋವು, ಜೋಳದ ಹಿಟ್ಟು, ಗಿರಣಿಯವರು ಈಗ ಹಿಟ್ಟು ಸುಡುವಂತೆ ಬೀಸಿಕೊಡುವುದು, ಹೀಗೆ ಮಾತು ಬೆಳೆಯುತ್ತ ಹೋಯಿತು. ಸಮೀಉಲ್ಲಾ ನೀರು ತಂದುಕೊಟ್ಟ. ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ, ತೆಗೆಯಲಿಲ್ಲ.

ಗೋಪಮ್ಮ ಸರ್ವರಿಯನ್ನು ಮಣೆಯ ಮೇಲೆ ಕೂಡಿಸಿದಳು. "ಅಕ್ಕಾರ, ಹಿಟ್ಟು ಇಲ್ಲದ ರೊಟ್ಟಿ ಬಡೀರಿ" ಎಂದಳು. ಸರ್ವರಿ ನಾಚಿಕೊಂಡು, ಬರಿಗೈಯಲ್ಲಿ ಕಲ್ಲಿನ ಮೇಲೆ ಬಡಿದಳು, ಎತ್ತಿದಳು, ಇಲ್ಲದ ಹಂಚಿಗೆ ಹಾಕಿದಳು, ಎಡಗೈಯಿಂದ ತಿರುವಿದಳು, ತೆಗೆದು ನಿಲ್ಲಿಸಿದಳು. ಅವಳ ಕೈ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಗೋಪಮ್ಮ ಇದ್ದಿಲಿನಿಂದ ನೆಲದ ಮೇಲೆ ಗೀರು ಎಳೆದಳು. ಮೂರು ಸಲ ಮಾಡಿಸಿದಳು. ಆ ಗೀರುಗಳ ಮೇಲೆಯೇ ಒಲೆ ಎದ್ದಿತು. ಕೆಂಡದ ಕಟ್ಟೆ ಎಡಕ್ಕೆ ಹೆಚ್ಚು ಚಾಚಿತ್ತು.

ಶಶಿಕಲಾ ಹೊರಸಿನ ಮೇಲೆ ಕೂತು ಮಕ್ಕಳ ಪರೀಕ್ಷೆಯ ಹಾಳೆ ತಿದ್ದುತ್ತಿದ್ದಳು. ಚಹಾ ತಂದ ಸಮೀಉಲ್ಲಾನಿಗೆ, ಪೆನ್ನು ಕೆಳಗಿಡದೆ, ಒಂದು ಮಾತು ಹೇಳಿದಳು. "ಊರಿಗೆಲ್ಲಾ ಹೊಗಿ ಇಲ್ಲದ ಒಲಿ ಕಟ್ಟಿದಾಕಿ ನಮ್ಮವ್ವ. ನಮ್ಮನ್ಯಾಗ ಮೂರು ಕಲ್ಲು. ಪೈಪು ಸ್ಕೀಮಿನ ಪಟ್ಟಿ ಒಳಗಿದ್ದ ಮನಿಗೆ ಮಾತ್ರ ಕೊಡ್ತಿದ್ರಿ ನೀವು. ಸಾಲ್ಯಾಗ ನನ್ನ ಬಾಜು ಯಾರೂ ಕೂಡ್ತಿರಲಿಲ್ಲ, ಬಟ್ಟಿ ಹೊಗಿ ನಾರತಾವ ಅಂತ. ಅದಕ್ಕೊಂದ ಕೂಡ್ತಿರಲಿಲ್ಲ ಅಂತಲ್ಲ. ಆದ್ರ ಹೇಳ್ತಿದ್ದದ್ದು ಅದನ್ನ."

ಆಮೇಲೆ ಅವಳು ಅವನ ಕೈಯಿಂದ ಕಪ್ಪು ತೆಗೆದುಕೊಂಡು ಕುಡಿದಳು, ಮತ್ತೆ ಹಾಳೆಗೆ ತಿರುಗಿದಳು.

ಒಲೆ ಒಣಗಲು ಹದಿನೈದು ದಿನ ಬೇಕಾಯಿತು. ದಿನಾ ಬೆಳಿಗ್ಗೆ ಸರ್ವರಿ ಒದ್ದೆ ಬಟ್ಟೆಯಿಂದ ಕೂದಲೆಳೆಯಂಥ ಬಿರುಕುಗಳನ್ನು ಒರೆಸಿ ಮುಚ್ಚುತ್ತಿದ್ದಳು. ಆ ದಿನಗಳಲ್ಲಿ ಸಮೀಉಲ್ಲಾ ತಗಡಿನ ಕೊಳವೆ ಮಾಡಿಸಿ, ಪಡಸಾಲೆಯ ಚಾವಣಿಯಿಂದ ಮೂರಡಿ ಮೇಲೆ ಬರುವಂತೆ ನಿಲ್ಲಿಸಿದ. ಮೊದಲ ಬೆಂಕಿಗೆ ಗೋಪಮ್ಮ ಮತ್ತೆ ಬಂದಳು. ಕಡ್ಡಿ ಗೀರಿದ್ದೇ ತಡ, ಹೊಗೆ ಕೊಳವೆ ಹತ್ತಲಿಲ್ಲ. ಬಾಯಿಯಿಂದ ಗುಪ್ಪೆಂದು ಹೊರಬಂದು ಪಡಸಾಲೆ ತುಂಬಿತು. ಮೂವರೂ ಕೆಮ್ಮುತ್ತ ಹಿತ್ತಲಿಗೆ ಓಡಿದರು.

"ಬಾಯಿ ಅಗಲಾತೇನೋ" ಎಂಬ ಮಾತು ಸಮೀಉಲ್ಲಾನ ನಾಲಿಗೆಯ ತುದಿಗೆ ಬಂದಿತ್ತು. ಕಣ್ಣು ಒರೆಸಿಕೊಳ್ಳುತ್ತ ಅದನ್ನು ನುಂಗಿಕೊಂಡ. ಆಗ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ನಾನೂರು ಒಲೆಗಳಲ್ಲಿ ಒಂದರ ಮೊದಲ ಬೆಂಕಿಗೂ ಅವನು ನಿಂತಿರಲಿಲ್ಲ. ಒಲೆ ಹಸಿಯಿರುವಾಗಲೇ ಅಳತೆ ನೋಡಿ, ಫೋಟೋ ತೆಗೆಸಿ, ಸಹಿ ಹಾಕಿ ಹೋಗುತ್ತಿದ್ದ. ಒಣಗಿದ ಮೇಲೆ ಏನಾಯಿತು ಎಂಬುದು ಯಾರ ಕೆಲಸವೂ ಆಗಿರಲಿಲ್ಲ.

ಗೋಪಮ್ಮ ಒಲೆಯ ಒಳಗೆ ಕೈಯಿಟ್ಟು ನೋಡಿ, ಮೇಲೆ ನೋಡಿ, "ನಮ್ಮ ಊರಾಗ ಮನಿ ಗಿಡ್ಡಾವ್ರಿ. ಇಲ್ಲಿ ಗಾಳಿ ಹೆಂಗ ಬೀಳತದ ನನಗ ತಿಳ್ಯಾವಲ್ದು" ಎಂದಳು.

ಸಮೀಉಲ್ಲಾ ಮೊಣಕಾಲು ಹಿಡಿದುಕೊಂಡು ಮನೆಯ ಮಾಳಿಗೆ ಹತ್ತಿದ. ಪಕ್ಕದ ವಾಹಿದಾಳ ಮನೆ ಒಂದಂತಸ್ತು ಎತ್ತರವಿತ್ತು. ಆ ಗೋಡೆಗೆ ಬಡಿದ ಗಾಳಿ ಕೆಳಗೆ ಬಿದ್ದು ಕೊಳವೆಯ ಬಾಯಿಯನ್ನೇ ಒತ್ತುತ್ತಿತ್ತು. ಒಂದು ಊದಿನಕಡ್ಡಿ ಹಚ್ಚಿ ಹಿಡಿದು ನೋಡಿದಾಗ ಅದರ ಹೊಗೆ ನೆಲದ ಕಡೆ ಬಾಗಿತು. ವೆಲ್ಡಿಂಗ್ ಮಾಡುವ ತಿರುಪತಿಯನ್ನು ಕರೆಸಿ ಕೊಳವೆಯನ್ನು ಇನ್ನೂ ನಾಲ್ಕಡಿ ಏರಿಸಿದ. ಅಷ್ಟಾದರೂ ಹೊಗೆ ಪೂರ್ತಿ ಹೋಗಲಿಲ್ಲ. ಮೇಲೊಂದು ಟೋಪಿ ಹಾಕಿಸಿದ. ಗಾಳಿ ಆಡಲು ಜಾಗ ಸಾಲದೆ ಹೊಗೆ ಮತ್ತೆ ಕಟ್ಟಿಕೊಂಡಿತು. ಟೋಪಿಯನ್ನು ಗೇಣೆತ್ತರಕ್ಕೆ ಎತ್ತಿಸಿದ. ಮೂರು ದಿನ ಇದೇ ಆಯಿತು. ಆ ಮೂರೂ ದಿನ ಗೋಪಮ್ಮ ಅವರ ಮನೆಯಲ್ಲೇ ಉಳಿದಳು. ಹಗಲು ಸರ್ವರಿಯ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದಳು.

ಮೂರನೆಯ ದಿನ ಮಧ್ಯಾಹ್ನ ಬೆಂಕಿ ಹಚ್ಚಿದಾಗ ಒಲೆಯೊಳಗೆ ಒಂದು ಸಣ್ಣ ಸದ್ದು ಕೇಳಿಸಿತು, ಯಾರೋ ಉಸಿರು ಎಳೆದುಕೊಂಡಂತೆ. ಜ್ವಾಲೆ ಒಳಮುಖವಾಗಿ ಬಾಗಿತು. ಹೊರಗೆ ಕೊಳವೆಯ ತುದಿಯಲ್ಲಿ ತೆಳ್ಳಗೆ ಹೊಗೆ ಕಂಡಿತು. ಸರ್ವರಿ ಮಣೆ ಎಳೆದುಕೊಂಡು ಕೂತು ಹಂಚು ಇಟ್ಟಳು. ಮೊದಲ ರೊಟ್ಟಿ ಒಂದು ಕಡೆ ಕಪ್ಪಾಯಿತು. ಎರಡನೆಯದು ಕೆಂಡದ ಮುಂದೆ ನಿಂತು ಉಬ್ಬಿತು. ಅವಳು ಅದನ್ನು ಮುರಿದು, ಬಿಸಿಯಲ್ಲೇ, ಮೊದಲ ತುಂಡು ಗೋಪಮ್ಮನ ಕೈಗಿಟ್ಟಳು.

*

ಎಲ್ಲವೂ ನೆಟ್ಟಗೆ ನಡೆಯಿತು ಎನ್ನುವಂತಿಲ್ಲ. ವಾಹಿದಾ ತನ್ನ ಮಾಳಿಗೆಯ ಬಟ್ಟೆಗೆ ಹೊಗೆ ತಾಗುತ್ತದೆ ಎಂದು ತಕರಾರು ತೆಗೆದಳು. ಅವಳು ಬಟ್ಟೆ ಹರವುವ ಮೊದಲೇ, ಬೆಳಿಗ್ಗೆ ಏಳಕ್ಕೆಲ್ಲ ಒಲೆ ಆರಿಸುವುದೆಂದು ಮಾತಾಯಿತು. ಆಷಾಢದ ಪಡುವಣ ಗಾಳಿಗೆ ಕೆಲವು ದಿನ ಹೊಗೆ ಹಿಂದಕ್ಕೆ ಬರುತ್ತಿತ್ತು. ಅಂಥ ದಿನ ಸರ್ವರಿ ಗ್ಯಾಸ್ ಹಚ್ಚುತ್ತಿದ್ದಳು. ಗೋಪಮ್ಮ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದಳು, ಸರ್ವರಿಗೆ. ಸಮೀಉಲ್ಲಾನನ್ನು ಕೇಳುತ್ತಿದ್ದದ್ದು ಕಡಿಮೆ. ಕೇಳಿದರೆ ಕೊಳವೆಯ ಮಸಿ ಕೆರೆದಿರೋ ಇಲ್ಲವೋ ಎಂದು ಮಾತ್ರ.

ಶ್ರಾವಣದಲ್ಲಿ ಒಂದು ದಿನ ಸರ್ವರಿಗೆ ಜ್ವರ ಬಂತು. ಮಿನಾಜ್ ಬರುವುದು ಮಧ್ಯಾಹ್ನವಾಗುತ್ತಿತ್ತು. ಸಮೀಉಲ್ಲಾ ಹಿತ್ತಲಿಗೆ ಹೋಗಿ ತೊಗರಿಕಡ್ಡಿ ತುಂಬಿ ಒಲೆ ಹಚ್ಚಿದ. ನೀರು ಕಾಯಿಸುವುದು ಅಷ್ಟರಲ್ಲಿ ರೂಢಿಯಾಗಿತ್ತು. ಅಂದು ಯಾಕೋ ಹಿಟ್ಟಿನ ಡಬ್ಬಿಯನ್ನೂ ತಂದು, ಮಣೆಯ ಮೇಲೆ ಕೂತ.

ಕೂತ ಕೂಡಲೇ ಏನೋ ಹೊಂದುತ್ತಿಲ್ಲ ಎನ್ನಿಸಿತು. ಮಣೆ ಹಿಂದೆ ಮುಂದೆ ಸರಿಸಿ ನೋಡಿದ. ಹಂಚು ಬಲಗೈಗೆ ದೂರ. ಕೆಂಡದ ಕಟ್ಟೆ ಎಡಕ್ಕಿತ್ತು. ರೊಟ್ಟಿ ನಿಲ್ಲಿಸಲು ಪ್ರತಿ ಸಲವೂ ಮೈಯನ್ನೇ ತಿರುಗಿಸಬೇಕಿತ್ತು. ಅವನ ತೋಳು ಉದ್ದ, ಕಾಲು ಉದ್ದ. ಒಲೆಯ ಗೋಡೆ ಮೊಣಕಾಲಿಗೆ ತಾಗಿ ಸುಡುತ್ತಿತ್ತು. ನಲವತ್ತು ವರ್ಷ ಜೊತೆಗಿದ್ದವಳ ಕೈ ಎಷ್ಟುದ್ದ, ಅವಳು ಎಷ್ಟು ಬಾಗುತ್ತಾಳೆ, ಎಲ್ಲಿಗೆ ತಿರುಗುತ್ತಾಳೆ ಎಂಬುದೆಲ್ಲ ಆ ಮಣ್ಣಿನಲ್ಲಿ ಇದ್ದಂತೆ ಅವನಿಗೆ ಕಂಡಿತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹಿಟ್ಟು ನಾದಿದ, ಬಡಿದ, ಎತ್ತುವಾಗ ಹರಿಯಿತು. ಮತ್ತೆ ನಾದಿದ. ಐದನೆಯದು ಹೇಗೋ ಹಂಚಿಗೆ ಬಿತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು.

ತಟ್ಟೆಯಲ್ಲಿ ಹಾಕಿ ಒಳಗೆ ಒಯ್ದ. ಸರ್ವರಿ ಕಂಬಳಿ ಸರಿಸಿ ಎದ್ದು ಕೂತು, ರೊಟ್ಟಿಯನ್ನೂ ಅವನ ಕೈಯ ಮೇಲೆ ಎದ್ದಿದ್ದ ಬೊಬ್ಬೆಯನ್ನೂ ನೋಡಿದಳು. ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು.

"ಒಳಗ ಹಸಿ ಅದ" ಎಂದಳು.

ಇನ್ನೊಂದು ತುಂಡು ಮುರಿದುಕೊಂಡು ನಿಧಾನವಾಗಿ ಅಗಿಯತೊಡಗಿದಳು.